ಬಾರ್ಸೆಲೋಸ್ ಲೇಖನ: ನದಿಯಿಂದ ಮತ್ತೆ ಶುರುಮಾಡಿ

ನಮಸ್ಕಾರ.

ಬ್ರೆಜಿಲಿನ ಅಮೆಜೋನಸ್ ರಾಜ್ಯದ ಬಾರ್ಸೆಲೋಸ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸರಾಗವಾಗಿದೆ. ಅಮೆಜಾನ್ ಎಂದರೆ ಹೆಬ್ಬಾವಿನ ಕಥೆಯನ್ನೇ ಬರೆಯುವವರ ನಡುವೆ ನೀವು ಒಂದು ಪುರಸಭೆಯ ಚರಿತ್ರೆ ಹುಡುಕಿಕೊಂಡು ಹೋದದ್ದು ಸಂತೋಷ. ಆದರೆ ಈ ರೂಪದಲ್ಲಿ ಅಚ್ಚಿಗೆ ಕಳಿಸಲಾರೆ. ಮೊದಲರ್ಧ ಇತಿಹಾಸ, ಉಳಿದರ್ಧ ಭೂಗೋಳ, ನಡುವೆ ಮೂರು ಚುಕ್ಕಿ. ನನ್ನ ತಕರಾರೆಲ್ಲ ಆ ಮೂರು ಚುಕ್ಕಿಗಳ ಮೇಲೆ. ಈ ಊರಿನಲ್ಲಿ ನಡೆದದ್ದಕ್ಕೆಲ್ಲ ಕಾರಣ ನದಿ, ಊರಿನ ಪಕ್ಕದಲ್ಲೇ ಹರಿಯುವ ರಿಯೊ ನೆಗ್ರೊ. ಅದನ್ನು ನೀವು ಕೊನೆಗೆ ತಳ್ಳಿದ್ದೀರಿ.

ನಿಮ್ಮ ಮೊದಲ ವಾಕ್ಯ: ‘1758ರಲ್ಲಿ ಪೋರ್ಚುಗೀಸರು ದಟ್ಟಾರಣ್ಯದ ನಡುವೆ ಈ ನಗರವನ್ನು ಕಟ್ಟಿದರು.’ 1758ರಲ್ಲಿ ಆದದ್ದು ಪಟ್ಟಣದ ದರ್ಜೆ ಮತ್ತು ಹೊಸ ಹೆಸರು, ಅಷ್ಟೆ. ಅದಕ್ಕೆ ಮೂವತ್ತು ವರ್ಷ ಮೊದಲೇ, 1728ರಲ್ಲಿ, ಕಾರ್ಮೆಲೈಟ್ ಪಾದ್ರಿಗಳು ಮನಾವ್ ಬುಡಕಟ್ಟಿನವರ ನಡುವೆ ಇಲ್ಲಿ ಮಿಷನ್ ತೆರೆದಿದ್ದರು. ಆಗ ಊರಿನ ಹೆಸರು ಮರಿಯುವಾ. ಅದರ ಹಿಂದಿನ ವರ್ಷವೇ ಪೋರ್ಚುಗೀಸರು ಮನಾವ್ ನಾಯಕ ಅಜುರಿಕಾಬನನ್ನು ಸೆರೆಹಿಡಿದಿದ್ದರು. ಅಮೆಜಾನ್ ಮುಖದ ಬಳಿಯ ಬೆಲೆಂ ನಗರಕ್ಕೆ ಸಾಗಿಸುವಾಗ ಅವನು ಸಂಕೋಲೆಯಲ್ಲಿದ್ದಂತೆಯೇ ನೀರಿಗೆ ಹಾರಿ ಪ್ರಾಣಬಿಟ್ಟ. ಈ ಎರಡು ಇಸವಿಗಳನ್ನು ಅಕ್ಕಪಕ್ಕ ಇಟ್ಟರೆ ಮಿಷನ್ ಯಾಕೆ ಆ ಹೊತ್ತಿಗೆ, ಆ ಜನರ ನಡುವೆ ಬಂತು ಎಂಬುದು ಓದುಗರಿಗೆ ತಾನಾಗಿ ತಿಳಿಯುತ್ತದೆ. ನೀವು ‘ದಟ್ಟಾರಣ್ಯ’ ಎಂದು ಬರೆದು ಅಲ್ಲಿದ್ದ ಜನರನ್ನೇ ಅಳಿಸಿಬಿಟ್ಟಿರಿ.

ಅದೇ ಪ್ಯಾರಾದಲ್ಲಿ ‘1,22,000 ಚದರ ಕಿ.ಮೀ. ವಿಸ್ತಾರದ ನಗರ’ ಎಂದಿದೆ. ಅದು ಪುರಸಭೆಯ ವಿಸ್ತೀರ್ಣ, ನಗರದ್ದಲ್ಲ. ಬ್ರೆಜಿಲಿನಲ್ಲಿ ಪುರಸಭೆಯ ಗಡಿಯೊಳಗೆ ಊರಿನ ಜೊತೆಗೆ ಸುತ್ತಲಿನ ಕಾಡು, ನದಿ, ಬೆಟ್ಟ ಎಲ್ಲವೂ ಬರುತ್ತವೆ. ಬಾರ್ಸೆಲೋಸ್ ಪುರಸಭೆ ಕೇರಳದ ಮೂರು ಪಟ್ಟು. ಬ್ರೆಜಿಲಿನಲ್ಲಿ ಇದಕ್ಕಿಂತ ದೊಡ್ಡದು ಅಲ್ತಮಿರಾ ಒಂದೇ. 2022ರ ಜನಗಣತಿಯಲ್ಲಿ ಇಷ್ಟು ನೆಲಕ್ಕೆ ಸಿಕ್ಕವರು 19 ಸಾವಿರದೊಳಗೆ. ನೂರು ಚದರ ಕಿ.ಮೀ.ಗೆ ಹದಿನೈದು ಮಂದಿ ಎಂದು ಬರೆಯಿರಿ, ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಮುಂದಿನ ವಾಕ್ಯ: ‘ಗಡಿ ಗುರುತಿಸಲು ಗವರ್ನರ್ ಇಲ್ಲಿಗೆ ಬಂದರು.’ ಇಲ್ಲಿಗೇ ಯಾಕೆ? ನಕ್ಷೆ ನೋಡಿ. ರಿಯೊ ನೆಗ್ರೊ ನದಿಯಲ್ಲಿ ಮೇಲಕ್ಕೆ ಹೋದರೆ ಕಸಿಕಿಯಾರೆ ಕಾಲುವೆ ಸಿಗುತ್ತದೆ. ಯಾರೂ ತೋಡಿದ್ದಲ್ಲ, ಸಹಜವಾದ ಕಾಲುವೆ. ಅದು ಈ ನದಿಯನ್ನು ಸ್ಪೇನಿನವರ ಒರಿನೋಕೊ ನದಿಗೆ ಜೋಡಿಸುತ್ತದೆ. ಸ್ಪೇನ್–ಪೋರ್ಚುಗಲ್ ನಡುವಿನ 1750ರ ಮ್ಯಾಡ್ರಿಡ್ ಒಪ್ಪಂದದ ಮೇಲೆ ಎರಡೂ ಕಡೆಯ ಆಯೋಗಗಳು ಕೂಡಿ ಗಡಿ ಗುರುತಿಸಬೇಕಿತ್ತು. ಅದಕ್ಕೆಂದು ನಿಮ್ಮ ಆ ಗವರ್ನರ್, ಪೋರ್ಚುಗಲ್ಲಿನ ಪ್ರಬಲ ಮಂತ್ರಿ ಪೊಂಬಾಲ್‌ನ ತಮ್ಮ ಮೆಂಡೋನ್ಸಾ ಫುರ್ಟಾಡೊ, 1754ರ ಕೊನೆಗೆ ದೋಣಿಗಳ ದಂಡು ಕಟ್ಟಿಕೊಂಡು ಮರಿಯುವಾಕ್ಕೆ ಬಂದ. ಅವನು ಕಾದಷ್ಟು ಕಾಲವೂ ಸ್ಪೇನಿನ ತಂಡ ಬರಲಿಲ್ಲ. 1761ರಲ್ಲಿ ಒಪ್ಪಂದವೇ ರದ್ದಾಯಿತು. ಅಷ್ಟರಲ್ಲಿ 1755ರಲ್ಲಿ ರಿಯೊ ನೆಗ್ರೊ ಪ್ರಾಂತ್ಯ ಹುಟ್ಟಿತ್ತು, 1758ರಲ್ಲಿ ಪೋರ್ಚುಗಲ್ಲಿನ ಒಂದು ಊರಿನ ಹೆಸರು ಹೊತ್ತು ಮರಿಯುವಾ ಅದರ ರಾಜಧಾನಿಯಾಯಿತು.

ಇನ್ನು ನನ್ನನ್ನು ತುಂಬಾ ಕಾಡಿದ ವಾಕ್ಯ: ‘ಕಾಲದ ಹೊಡೆತಕ್ಕೆ ಸಿಕ್ಕಿ ಬಾರ್ಸೆಲೋಸ್ ವೈಭವ ಕಳೆದುಕೊಂಡಿತು.’ ಕಾಲ ಏನೂ ಮಾಡಲಿಲ್ಲ. 1791ರಲ್ಲಿ ಗವರ್ನರ್ ಲೋಬೊ ಡ ಅಲ್ಮಾಡ ರಾಜಧಾನಿಯನ್ನು ನದಿಯ ಕೆಳಹರಿವಿನ ಬಾರ್ರಾಕ್ಕೆ, ಅಂದರೆ ಇಂದಿನ ಮನಾವ್ಸ್‌ಗೆ ಒಯ್ದ. 1799ರಲ್ಲಿ ಅದು ಬಾರ್ಸೆಲೋಸ್‌ಗೆ ಮರಳಿತು, 1808ರಲ್ಲಿ ಮತ್ತೆ ಬಾರ್ರಾಕ್ಕೆ ಹೋಗಿ ಅಲ್ಲೇ ನಿಂತಿತು. ಈ ಹೋಗಿಬರುವಿಕೆಗೆ ಕಾರಣ ನಿಮ್ಮದೇ ಲೇಖನದ ಕೊನೆಯಲ್ಲಿ ಬಿದ್ದಿದೆ. ‘ಕೊಳಕು ಕಪ್ಪು ನೀರು’ ಎಂದು ಬರೆದಿದ್ದೀರಲ್ಲ, ಅಲ್ಲಿ. ಆ ನೀರು ಕೊಳಕಲ್ಲ. ಅಲ್ಲಿನ ಮರಳು ಮಣ್ಣಿಗೆ ಕೊಳೆತ ಎಲೆಯ ಆಮ್ಲವನ್ನು ಹಿಡಿದಿಡುವ ಶಕ್ತಿಯಿಲ್ಲ. ಅದು ಇಳಿದು ನದಿ ಸೇರಿ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಪಿಎಚ್ 4–5ರ ಆಸುಪಾಸು, ಅಂದರೆ ಆಮ್ಲೀಯ ನೀರು. ಸೊಳ್ಳೆ ಕಡಿಮೆ, ಅದು ಒಳ್ಳೆಯದೇ. ಆದರೆ ಮೆಕ್ಕಲು ಇಲ್ಲ, ದಡಕ್ಕೆ ಸಾರ ಇಲ್ಲ. ಅಂಥ ದಡದ ಮೇಲೆ ಅಧಿಕಾರಿ, ಸೈನಿಕ, ಅಂಬಿಗರನ್ನೆಲ್ಲ ಸಾಕಬೇಕಾದರೆ ಸುತ್ತಲಿನ ಬುಡಕಟ್ಟು ಹಳ್ಳಿಗಳಿಂದ ಮರಗೆಣಸಿನ ಹಿಟ್ಟನ್ನೂ ಆಳುಗಳನ್ನೂ ಎಳೆತರಬೇಕಿತ್ತು. ಹಳ್ಳಿಯವರು ಕಾಡಿಗೆ ಓಡಿಹೋಗುತ್ತಿದ್ದರು. 1757ರಲ್ಲಿ ಈ ನದಿಯ ಊರುಗಳು ದಂಗೆಯನ್ನೂ ಎದ್ದವು. ಬಾರ್ರಾ ಇದ್ದದ್ದು ಸೊಲಿಮೋಯಿಸ್ ನದಿ, ಅಂದರೆ ಅಮೆಜಾನಿನ ಮೇಲ್ಭಾಗ, ಬಂದು ಕೂಡುವ ಕಡೆ. ಆ ನದಿ ಆಂಡಿಸ್ ಪರ್ವತದ ಮೆಕ್ಕಲು ತರುತ್ತದೆ, ಎರಡೂ ನದಿಗಳ ಸಾಗಾಟವನ್ನು ಒಂದೇ ಕಡೆ ಕೂತು ನೋಡಿಕೊಳ್ಳಬಹುದು. ಇದನ್ನು ಬರೆದರೆ ‘ಕಾಲದ ಹೊಡೆತ’ ಬೇಕಾಗುವುದಿಲ್ಲ.

ಇದೇ ನೀರಿನ ಜೊತೆಗೆ ಕಾರ್ಡಿನಲ್ ಟೆಟ್ರಾವನ್ನೂ ತನ್ನಿ. ಬೆಂಗಳೂರಿನ ಅಕ್ವೇರಿಯಂ ಅಂಗಡಿಗಳಲ್ಲೂ ಕಾಣುವ, ಕೆಂಪು–ನೀಲಿ ಪಟ್ಟೆಯ ಸಣ್ಣ ಮೀನು. ನೀವು ಅದನ್ನು ಕೊನೆಯಲ್ಲಿ ಅಲಂಕಾರಕ್ಕೆ ಇಟ್ಟಿದ್ದೀರಿ. ನೀರು ಏರಿದಾಗ ಅದು ಮುಳುಗಿದ ಕಾಡಿನೊಳಗೆ ಹರಡಿಕೊಳ್ಳುತ್ತದೆ, ಇಳಿದಾಗ ಸಣ್ಣ ಹಳ್ಳಗಳಿಗೆ ಬಂದು ಸೇರುತ್ತದೆ. ಹಿಡಿಯುವವರು ತೋಡುದೋಣಿಯಲ್ಲಿ ಹೋಗಿ ದೋಣಿಯ ಹುಟ್ಟಿನಿಂದ ಮೆಲ್ಲಗೆ ಅಟ್ಟಿ ಕೈಬಲೆಯಲ್ಲಿ ಎತ್ತುತ್ತಾರೆ. ಬೇರೆ ದೇಶಗಳಲ್ಲಿ ತೊಟ್ಟಿಯಲ್ಲೇ ಮರಿ ಮಾಡಿಸುವುದು ಶುರುವಾದ ಮೇಲೆ ಇಲ್ಲಿನ ವ್ಯಾಪಾರ ಕುಗ್ಗಿತು.

ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಹಿರಿಯ ಉಪಸಂಪಾದಕರು ಊರಿನ ಬಗ್ಗೆ ಲೇಖನ ಬಂದರೆ ಮೊದಲು ಕೈನಕ್ಷೆ ಕೇಳುತ್ತಿದ್ದರು. ನದಿ ಹರಿಯುವ ದಿಕ್ಕಿಗೆ ಬಾಣ, ದೂರ, ದಡದ ಮಣ್ಣು, ಪಕ್ಕದಲ್ಲಿ ಇಸವಿಗಳು. ಯಾವ ಇಸವಿಗೆ ನಕ್ಷೆಯ ಮೇಲೆ ಜಾಗ ಸಿಗಲಿಲ್ಲವೋ ಆ ವಾಕ್ಯಕ್ಕೆ ಕೆಂಪು ಗೆರೆ ಬೀಳುತ್ತಿತ್ತು. ಅಂಥ ನಕ್ಷೆ ನೀವೂ ಬರೆದುಕೊಳ್ಳಿ. 1754ರ ದೋಣಿಗಳಿಂದ ಶುರುಮಾಡಿ, ಅಲ್ಲಿಂದ 1728ಕ್ಕೆ ಹಿಂದೆ ಹೋಗಿ. ಬಾರ್ಸೆಲೋಸ್‌ಗೆ ಮನಾವ್ಸ್‌ನಿಂದ ರಸ್ತೆಯಿಲ್ಲ, ದೋಣಿ ಇಲ್ಲವೇ ವಿಮಾನವೇ ಗತಿ. ಈ ಮಾತು ಮೊದಲ ಪುಟದಲ್ಲೇ ಬರಲಿ. ತಿದ್ದಿದ ಪ್ರತಿಯನ್ನು ನಕ್ಷೆಯ ಸಮೇತ ಕಳಿಸಿ, ನಾನೇ ಓದುತ್ತೇನೆ.