ಪುಣೆಯಲ್ಲಿ ಕೂತು ಹುಬ್ಬಳ್ಳಿ-ಧಾರವಾಡದಲ್ಲಿ ಪ್ಲಾಟ್ ವ್ಯವಹಾರ: ದೂರದ ಟೀಮ್ ನಿಭಾಯಿಸೋಕೆ ಯಾವ ಆ್ಯಪ್ ಒಳ್ಳೇದು? ಒಬ್ಬನಿಗೆ ಜಿಪಿಎ (ನಮ್ಮ ಪರವಾಗಿ ಸಹಿ ಹಾಕೋ ಸಾಮಾನ್ಯ ಮುಖ್ತ್ಯಾರ ಪತ್ರ) ಕೊಡಬಹುದಾ?

ನಿಮ್ಮ ಪ್ರಶ್ನೆಯನ್ನ ಹೆಂಡತಿಗೆ ಓದಿ ಹೇಳಿದೆ. "ಇದನ್ನ ನೀವ ಹಾಕೀರೇನು, ಹೆಸರು ಬ್ಯಾರೆ ಇಟಗೊಂಡು?" ಅಂದಳು. ಅಷ್ಟು ಹೊಂದುತ್ತೆ.

ನಾನೂ ಪುಣೆ, ಚಿಂಚವಾಡ. ನೌಕರಿ ಇಟ್ಟುಕೊಂಡೇ ಊರ ಕಡೆ ಹಳೇ ಮನೆ, ಪ್ಲಾಟ್ ತಗೊಂಡು, ಕಟ್ಟಿಸಿ ಮಾರೋ ವ್ಯವಹಾರ. ದುಡ್ಡು ನನ್ನದು ಮತ್ತು ಮೂವರು ಗೆಳೆಯರದ್ದು. ಓಡಾಡೋಕೆ ಹುಬ್ಬಳ್ಳಿಯಲ್ಲಿ ಒಬ್ಬ ಹುಡುಗ, ಬೆಳಗಾವಿಯಲ್ಲಿ ಸಿವಿಲ್ ಎಂಜಿನಿಯರ್, ಧಾರವಾಡದಲ್ಲಿ ವಕೀಲರು, ಶಿರಸಿಯಲ್ಲಿ ಮನೆಯಿಂದಲೇ ಲೆಕ್ಕ ಬರೆಯೋ ಒಬ್ಬ ಹೆಣ್ಣುಮಗಳು. ನಿಮ್ಮ ಹಾಗೇ ಲೈವ್ ಲೊಕೇಶನ್, ಹಾಜರಿ, ದಿನಾ ರಾತ್ರಿ ರಿಪೋರ್ಟ್, ಎಲ್ಲ ಇಟ್ಟಿದ್ದೆ. ಹುಡುಗ ಎಷ್ಟು ಗಂಟೆಗೆ ಯಾವ ಸರ್ಕಲ್ ದಾಟಿದ ಅನ್ನೋದು ನನಗೆ ಗೊತ್ತಿರ್ತಿತ್ತು. ಅವನು ಯಾರ ಜೊತೆ ಏನು ಮಾತಾಡಲಿಲ್ಲ ಅನ್ನೋದು ಗೊತ್ತಿರಲಿಲ್ಲ.

ಹಳೇ ಹುಬ್ಬಳ್ಳಿಯಲ್ಲಿ ಒಂದು ಮನೆ ಬಂತು. ಹಂಚಿನ ಮನೆ, ರಸ್ತೆಗೆ ಮುಖ, ಹಿಂದೆ ಹಿತ್ತಲು, ಬಾವಿ. ಕೆಡವಿ ಕೆಳಗೆ ಎರಡು ಅಂಗಡಿ, ಮೇಲೆ ಎರಡು ಮನೆ ಅಂತ ಎಂಜಿನಿಯರ್ ನಕ್ಷೆಯನ್ನೂ ಹಾಕಿಬಿಟ್ಟ. ಸಿ.ಟಿ.ಎಸ್. ಉತಾರದಲ್ಲಿ (ಸಿಟಿ ಸರ್ವೆ ದಾಖಲೆಯಲ್ಲಿ) ಮೂವರು ಅಣ್ಣತಮ್ಮಂದಿರ ಹೆಸರು. ಅಪ್ಪ ತೀರಿಕೊಂಡ ಮೇಲೆ ವಾರಸಾ ಆಗಿ ಅವರ ಹೆಸರು ಏರಿತ್ತು. 30 ವರ್ಷದ ಇ.ಸಿ.ಯಲ್ಲಿ (ಋಣಭಾರ ಪ್ರಮಾಣಪತ್ರದಲ್ಲಿ) ಒಂದು ಸಾಲವಿಲ್ಲ, ಒಂದು ಕರಾರಿಲ್ಲ. ಪಾಲಿಕೆ ತೆರಿಗೆ ಪಾವತಿಗಳು ಒಂದೂ ತಪ್ಪಿಲ್ಲ. 72 ಲಕ್ಷಕ್ಕೆ ಮಾತಾಯ್ತು, ಸಂಚಕಾರ (ಮುಂಗಡ) 20 ಲಕ್ಷ.

ಹುಡುಗ ವಿಡಿಯೋ ಕಾಲ್ ಮಾಡಿ ಮನೆಯೆಲ್ಲ ತೋರಿಸಿದ. ಪಡಸಾಲೆ, ದೇವರ ಮನೆ, ಅಟ್ಟ, ಅಡುಗೆಮನೆ. ಅಡುಗೆಮನೆ ಪಕ್ಕದ ಕೋಣೆಗೆ ಬೀಗ. ಉಳಿದ ಬಾಗಿಲಿಗೆಲ್ಲ ಹಳೇ ಕಬ್ಬಿಣದ ಚಿಲಕ, ಇದಕ್ಕೊಂದಕ್ಕೆ ಹೊಸಾ ಹಿತ್ತಾಳೆ ಬೀಗ. "ಅದ್ರಾಗೇನಿಲ್ಲರಿ ಸರ, ಹಳೀ ಸಾಮಾನು ಒಟ್ಯಾರ" ಅಂದ. ಕ್ಯಾಮೆರಾ ಹಿತ್ತಿಲ ಕಡೆ ತಿರುಗಿತು.

ನಮ್ಮಲ್ಲಿ ಎಲ್ಲರಿಗೂ ಕಾಣೋ ಹಾಗೆ ಒಂದು ಶೀಟ್ ಇತ್ತು, ಒಂದೊಂದು ಆಸ್ತಿಗೆ ಒಂದೊಂದು ಸಾಲು. ಅದರ ವಂಶಾವಳಿ ಕಾಲಂನಲ್ಲಿ ಶಿರಸಿಯವಳು "ಹೆಣ್ಣುಮಕ್ಕಳು ಇಲ್ವಾ ಸರ್?" ಅಂತ ಬರೆದಿದ್ದಳು. ಹುಡುಗ ಅದಕ್ಕೊಂದು ಹೆಬ್ಬೆರಳು ಎತ್ತಿದ ಚಿತ್ರ ಹಾಕಿದ್ದ. ಹೆಬ್ಬೆರಳು ಅಂದ್ರೆ "ಇಲ್ಲ" ಅಂತಲೋ, "ನೋಡ್ತೀನಿ" ಅಂತಲೋ, "ಓದಿದೆ" ಅಂತಲೋ? ನನಗೆ ಯಾವ ಅರ್ಥ ಬೇಕಿತ್ತೋ ಅದನ್ನ ತಗೊಂಡು 20 ಲಕ್ಷ ಆರ್‌ಟಿಜಿಎಸ್ ಮಾಡಿದೆ. ನಮ್ಮ ಹತ್ರ ಇದ್ದ ವಂಶಾವಳಿಯೂ ನೋಟರಿ ಮುಂದೆ ಅಣ್ಣತಮ್ಮಂದಿರೇ ಬರೆದುಕೊಟ್ಟ ಅಫಿಡವಿಟ್. ನಾಡಕಚೇರಿಯಲ್ಲಿ ಅರ್ಜಿ ಹಾಕಿ, ತಲಾಟಿ ವಿಚಾರಣೆ ಮಾಡಿ ಕೊಟ್ಟದ್ದಲ್ಲ.

ಆಮೇಲೆ ಪುಣೆ ವಿಳಾಸಕ್ಕೆ ಕೋರ್ಟ್ ಸಮನ್ಸ್ ಬಂತು. ಪಾಲು ಕೇಳಿ ದಾವೆ. ಪ್ರತಿವಾದಿ 1, 2, 3 ಅಣ್ಣತಮ್ಮಂದಿರು. ಪ್ರತಿವಾದಿ 4 ನಾನು. ವಾದಿ ಅವರ ತಂಗಿ. ಆಸ್ತಿ ಪರಭಾರೆ ಮಾಡದಂತೆ ತಾತ್ಕಾಲಿಕ ತಡೆಯಾಜ್ಞೆ ಬೇರೆ.

ರಾತ್ರಿ ಬಸ್ಸು ಹತ್ತಿ ಹೋದೆ. ಎದುರು ಮನೆ ಕಟ್ಟೆ ಮೇಲೆ ಒಬ್ಬ ಅಜ್ಜಿ ಅವರೆಕಾಯಿ ಸುಲೀತಾ ಕೂತಿದ್ರು. "ಅವ್ವಾರ, ಆ ಮನಿಯಾಗ ಬೀಗ ಹಾಕಿದ ಖೋಲಿ ಯಾರದರಿ?" ಅಂತ ಕೇಳಿದೆ. ಕಾಯಿಯಿಂದ ಕಣ್ಣೆತ್ತದೇ ಹೇಳಿದ್ರು: "ಅದು ಆಕಿ ಖೋಲಿ ಅಲ್ಲೇನು ತಮ್ಮಾ. ಗಂಡ ಹೋದಮ್ಯಾಲೆ ಗದಗಿನಿಂದ ಬಂದು ಇಲ್ಲೇ ಇದ್ಲು. ಈಗ ದವಾಖಾನಿ ಸಲುವಾಗಿ ಮಗಳ ಕಡೆ ಹೋಗ್ಯಾಳ. ಓಣಿಗೆಲ್ಲ ಗೊತ್ತೈತಿ. ನಿಮಗ್ಯಾರೂ ಹೇಳ್ಲಿಲ್ಲೇನು?"

ಯಾರಾದ್ರೂ ಕೇಳಿದ್ರೆ ತಾನೆ ಹೇಳೋದು.

ಅಣ್ಣತಮ್ಮಂದಿರ ವಾದ ನೀವು ಊಹಿಸಬಹುದು: "ಮದುವ್ಯಾಗ ಬಂಗಾರ ಹಾಕಿ ಕಳಿಸೀವಿ, ಆಕಿದೇನೂ ಇಲ್ಲ." ಆ ಮಾತಿಗೆ ಕಾನೂನಿನಲ್ಲಿ ಕಾಸಿನ ಬೆಲೆ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. ತಿದ್ದುಪಡಿ ಬಂದ ದಿನ ಅಪ್ಪ ಬದುಕಿರಬೇಕು ಅಂತೇನೂ ಇಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿಯೂ ಆಗಿದೆ. ಅಪ್ಪನ ಸ್ವಂತ ಗಳಿಕೆ ಆಗಿದ್ದು, ಉಯಿಲು ಬರೆಯದೇ ತೀರಿಕೊಂಡಿದ್ರೂ ಮಗಳು ವಾರಸುದಾರಳೇ. ಆಕೆ ಪಾಲು ಬಿಟ್ಟುಕೊಟ್ಟಿದ್ದಾಳೆ ಅನ್ನಬೇಕಾದ್ರೆ ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಆಗಿರಬೇಕು. ಉತಾರದಲ್ಲಿ ಆಕೆ ಹೆಸರಿಲ್ಲ ಅಂದ ಮಾತ್ರಕ್ಕೆ ಹಕ್ಕು ಹೋಗಲ್ಲ. ಉತಾರ ತೆರಿಗೆ ಯಾರು ಕಟ್ಟಬೇಕು ಅಂತ ಹೇಳೋ ಕಾಗದ, ಮಾಲೀಕ ಯಾರು ಅಂತ ತೀರ್ಮಾನಿಸೋ ಕಾಗದ ಅಲ್ಲ. ಇ.ಸಿ.ಯಲ್ಲಿ ಬರೋದು ರಿಜಿಸ್ಟರ್ ಆದ ವ್ಯವಹಾರ ಮಾತ್ರ. ಬಾಯಿಮಾತಿನ ವಾಟ್ನಿ (ಆಸ್ತಿ ಪಾಲು), ನೋಟರಿ ಕರಾರು, ರಿಜಿಸ್ಟರ್ ಆಗದ ಉಯಿಲು, ಅಡುಗೆಮನೆ ಪಕ್ಕದ ಕೋಣೆಯಲ್ಲಿರೋ ತಂಗಿ, ಇದ್ಯಾವುದೂ ಅದರಲ್ಲಿ ಬರಲ್ಲ.

ಈಗ ನಿಮಗೆ ಅನ್ನಿಸಬಹುದು, ವಕೀಲರು ತಪ್ಪು ಮಾಡಿದ್ರು, ಇಲ್ಲಾ ಹುಡುಗ ಮೋಸಗಾರ ಅಂತ. ಎರಡೂ ಅಲ್ಲ. ವಕೀಲರು ಕೊಟ್ಟ ಕಾಗದ ನೋಡಿ ಅಭಿಪ್ರಾಯ ಕೊಟ್ರು, ಕೊನೇ ಪ್ಯಾರಾದಲ್ಲಿ "ವಾರಸುದಾರರ ಬಗ್ಗೆ ಸ್ಥಳೀಯವಾಗಿ ಖಾತ್ರಿ ಮಾಡಿಕೊಳ್ಳುವುದು" ಅಂತ ಬರೆದೂ ಇದ್ರು. ಖಾತ್ರಿ ಮಾಡೋ ಕೆಲಸ ಹುಡುಗನದ್ದು. ಅವನ ಸಂಬಳ ತಿಂಗಳಿಗೆ 15,000. ವ್ಯವಹಾರ ಕುದುರಿದ್ರೆ ಶೇಕಡಾ 1. ಈ ಮನೆ ಮೇಲೆ 72,000. ಕುದುರದಿದ್ರೆ ಸೊನ್ನೆ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ನಿಮ್ಮ ಪ್ರಶ್ನೆಯಲ್ಲೂ ಇದೇ ಲೆಕ್ಕ ಇದೆ, "ಹುಡುಗರಿಗೆ ಹುಮ್ಮಸ್ಸು ಬರಲಿ ಅಂತ ಕಮಿಷನ್ ಮೇಲೆ ಇಟ್ಟಿದ್ದೀನಿ" ಅಂತ ಬರೆದಿದ್ದೀರಿ. ಆಸ್ತಿ ಹುಡುಕಿ ತರೋನಿಗೆ ಕಮಿಷನ್ ಸರಿ. ಆದ್ರೆ ನಾನು ಹುಡುಕಿದವನ ಕೈಗೇ ಪರೀಕ್ಷೆಯನ್ನೂ ಕೊಟ್ಟೆ. ಎದುರು ಮನೆ ಕಟ್ಟೆ ಮೇಲೆ ಕೂತು "ಈ ಮನೇಲಿ ಎಷ್ಟು ಜನ ಮಕ್ಕಳು?" ಅಂತ ಕೇಳಿದ್ರೆ ಅವನಿಗೆ ಏನು ಲಾಭ? ಉತ್ತರ ಚೆನ್ನಾಗಿದ್ರೆ ಮೊದಲು ಬರ್ತಿದ್ದ 72,000ವೇ ಬರುತ್ತೆ. ಕೆಟ್ಟದ್ದಾದ್ರೆ ಅದೂ ಹೋಗುತ್ತೆ. ಒಂದೇ ಒಂದು ಪ್ರಶ್ನೆ ಕೇಳೋಕೆ ನಾನು ಅವನಿಗೆ ಹತ್ತಿರ ಹತ್ತಿರ ಐದು ತಿಂಗಳ ಸಂಬಳದ ದಂಡ ಇಟ್ಟಿದ್ದೆ. ಅವನು ಸುಳ್ಳು ಹೇಳಲಿಲ್ಲ. ಬೀಗದ ಬಗ್ಗೆ ಮಾರೋರು ಹೇಳಿದ್ದನ್ನೇ ನನಗೆ ದಾಟಿಸಿದ. ನಾನೇ ಊರಲ್ಲಿದ್ದಿದ್ರೆ ನಾನೂ ಹೋಗ್ತಿದ್ದೆ, ಚಾ ಕುಡೀತಿದ್ದೆ, ಯಾರೋ ಒಬ್ಬರು ಬಾಯಿ ಬಿಡ್ತಿದ್ರು. ದೂರ ಇದ್ದಾಗ ಆ ಚಾ ಕುಡಿಯೋ ಕೆಲಸಕ್ಕೂ ಯಾರಿಗಾದ್ರೂ ದುಡ್ಡು ಕೊಡಬೇಕು, ಅದೂ ವ್ಯವಹಾರ ಮುರಿದ್ರೂ ಸಿಗೋ ದುಡ್ಡು. ಇದು ನನಗೆ ಹೊಳೀಲಿಲ್ಲ. ಆ್ಯಪ್ ಹುಡುಕ್ತಾ ಇದ್ದೆ.

20 ಲಕ್ಷ ಏನಾಯ್ತು ಅಂತೀರಾ? ಅಣ್ಣತಮ್ಮಂದಿರು ಅಷ್ಟೊತ್ತಿಗೆ ಹಂಚಿಕೊಂಡು ಖರ್ಚು ಮಾಡಿದ್ರು, ಒಬ್ಬ ಟ್ರ್ಯಾಕ್ಟರ್ ತಗೊಂಡಿದ್ದ. ಬ್ಯಾಂಕ್ ಮೂಲಕ ಕೊಟ್ಟಿದ್ದರಿಂದ "ತಗೊಂಡೇ ಇಲ್ಲ" ಅನ್ನೋಕಾಗಲಿಲ್ಲ, ಅದೊಂದು ಪುಣ್ಯ. (ಆಸ್ತಿ ಮುಂಗಡವನ್ನ 20,000 ರೂಪಾಯಿಯಿಂದ ಮೇಲಕ್ಕೆ ನಗದಾಗಿ ತಗೊಂಡ್ರೆ ಆದಾಯ ತೆರಿಗೆಯವರು ತಗೊಂಡವನಿಗೆ ಅಷ್ಟೇ ಮೊತ್ತದ ದಂಡ ಹಾಕಬಹುದು. ನಿಮ್ಮ ಹುಡುಗ "ಸ್ವಲ್ಪ ಕ್ಯಾಶ್ ಕೊಡೂಣ್ರಿ" ಅಂದ್ರೆ ಇದನ್ನ ಹೇಳಿ.) ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿ. ತಂಗಿಗೆ ಮನೆ ಮಾರೋದೇ ಬೇಕಿರಲಿಲ್ಲ, ಆಕೆಗೆ ಆ ಕೋಣೆ ಬೇಕಿತ್ತು. ನಮ್ಮ ದುಡ್ಡು ಕಂತಿನಲ್ಲಿ ವಾಪಸ್ ಬಂತು, ಬಡ್ಡಿ ಇಲ್ಲದೆ. ನಾನು ನನ್ನ ಪಾಲಿಗೆ ತಗೊಂಡಿದ್ದ ಪರ್ಸನಲ್ ಲೋನ್‌ಗೆ ಬಡ್ಡಿ ಇತ್ತು. ಗೆಳೆಯರಲ್ಲಿ ಒಬ್ಬ ಈಗಲೂ ಮದುವೆ ಮುಂಜಿಯಲ್ಲಿ ಸಿಕ್ಕರೆ ನಮಸ್ಕಾರ ಅಂದು ಊಟದ ಪಂಕ್ತಿ ಬದಲಾಯಿಸ್ತಾನೆ.

ಹಾಗಾಗಿ "ಯಾವ ಆ್ಯಪ್" ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ವಾಟ್ಸಾಪು ಮತ್ತೆ ಒಂದು ಶೀಟ್ ಸಾಕು. ದೂರದ ಹುಡುಗರ ಮೇಲೆ ಕಣ್ಣಿಡೋದು ಹೇಗೆ ಅಂತ ಯೋಚಿಸೋದು ಬಿಡಿ, ಯಾರಿಗೆ ಯಾವ ಮಾತು ಹೇಳಿದ್ರೆ ದುಡ್ಡು ಬರುತ್ತೆ ಅಂತ ಒಂದು ಹಾಳೆ ಮೇಲೆ ಬರೆದು ನೋಡಿ.

ನಾನೀಗ ಮಾಡೋದು ಇಷ್ಟು. ಹುಡುಗ ಅದೇ ಹುಡುಗ, ತೆಗೆದುಹಾಕಲಿಲ್ಲ. ಆಸ್ತಿ ಹುಡುಕೋದರಲ್ಲಿ ಅವನಷ್ಟು ಚುರುಕು ಯಾರೂ ಇಲ್ಲ. ಪರೀಕ್ಷೆಗೆ ಬೇರೆ ಮನುಷ್ಯ. ರಿಟೈರ್ ಆದ ಪ್ರಾಥಮಿಕ ಶಾಲೆ ಮಾಸ್ತರು, ಸೈಕಲ್ ಮೇಲೆ ಹೋಗ್ತಾರೆ, ಹಳ್ಳಿಯಲ್ಲಿ ಯಾರೂ ಅವರಿಗೆ ಬಾಗಿಲು ಹಾಕಲ್ಲ. ಒಂದು ಆಸ್ತಿಗೆ 6,000, ಹೌದು ಅಂದ್ರೂ ಬೇಡ ಅಂದ್ರೂ. ಆಸ್ತಿ ಬೆಲೆ ಎಷ್ಟು, ನನಗೆಷ್ಟು ಲಾಭ, ಯಾವುದನ್ನೂ ಅವರಿಗೆ ಹೇಳಲ್ಲ. ಅಕ್ಕಪಕ್ಕ ಕನಿಷ್ಠ ಎರಡು ಮನೆಯವರ ಹತ್ರ ಮಾತಾಡಿ, ಆ ಕುಟುಂಬದ ಹೆಣ್ಣುಮಕ್ಕಳನ್ನ ಯಾವ ಯಾವ ಊರಿಗೆ ಕೊಟ್ಟಿದ್ದಾರೆ ಅಂತ ಬರ್ಕೊಂಡು ಬರಬೇಕು. ಮುಚ್ಚಿದ ಬಾಗಿಲಿದ್ರೆ ತೆರೆಸಿ ನೋಡಬೇಕು. ಶೀಟ್‌ನಲ್ಲಿ ಶಿರಸಿಯವಳ ಪ್ರಶ್ನೆಗೆ ವಾಕ್ಯದಲ್ಲಿ ಉತ್ತರ ಬರೋವರೆಗೂ ಒಂದು ರೂಪಾಯಿ ಹೊರಗೆ ಹೋಗಲ್ಲ. ಬ್ಯಾಂಕಿನ ಎಂಟ್ರಿ ಹಾಕೋಳು ಆಕೆಯೇ, ಒಪ್ಪಿಗೆ ಕೊಡೋದಷ್ಟೇ ನಾನು. ದೊಡ್ಡ ಮೊತ್ತ ಇದ್ರೆ ಸಂಯುಕ್ತ ಕರ್ನಾಟಕದಂಥ ಊರಲ್ಲಿ ಓದೋ ಪೇಪರಲ್ಲಿ ವಕೀಲರ ಮೂಲಕ ಜಾಹೀರು ನೋಟಿಸ್ ಕೊಡ್ತೀವಿ. ನೋಟಿಸ್‌ನಿಂದ ಯಾರ ಹಕ್ಕೂ ಸಾಯಲ್ಲ. ಆದ್ರೆ ಮುನಿಸಿಕೊಂಡ ಅಳಿಯಂದಿರು ಪೇಪರ್ ಕೈಯಲ್ಲಿ ಹಿಡ್ಕೊಂಡು ತಾವಾಗೇ ಬರ್ತಾರೆ, ಬರಲಿ ಅಂತಲೇ ಕೊಡೋದು.

ಜಿಪಿಎ: ಬೇಡ. "ಪ್ರತಿ ಸಲ ಬರೋಕಾಗಲ್ಲ" ಅಂತೀರಿ. ಕಾವೇರಿ 2.0 (ಆಸ್ತಿ ರಿಜಿಸ್ಟ್ರೇಶನ್‌ನ ಆನ್‌ಲೈನ್ ವ್ಯವಸ್ಥೆ) ಬಂದ ಮೇಲೆ ದಸ್ತಾವೇಜು ಮೊದಲೇ ಆನ್‌ಲೈನ್‌ನಲ್ಲಿ ಹಾಕಿ, ಸಬ್‌ರಜಿಸ್ಟ್ರಾರ್ ನೋಡಿ ಒಪ್ಪಿ, ಶುಲ್ಕ ಕಟ್ಟಿ, ಸ್ಲಾಟ್ ತಗೊಂಡು ಹೋಗೋದು. ಅಲ್ಲಿ ಉಳಿಯೋದು ಫೋಟೊ, ಹೆಬ್ಬೆಟ್ಟು. ಪುಣೆಯಿಂದ ರಾತ್ರಿ ಬಸ್ಸು ಹತ್ತಿದ್ರೆ ಬೆಳಗ್ಗೆ ಹುಬ್ಬಳ್ಳಿ. ಲಕ್ಷಗಟ್ಟಲೆ ಹಾಕೋರಿಗೆ ಇಷ್ಟೂ ಪುರುಸೊತ್ತಿಲ್ಲ ಅಂದ್ರೆ ಈ ವ್ಯವಹಾರ ಬಿಟ್ಟು ಮ್ಯೂಚುವಲ್ ಫಂಡ್ ನೋಡಿ, ನಿಜವಾಗ್ಲೂ. ತೀರಾ ಆಗದಿದ್ರೆ ಒಂದೇ ಆಸ್ತಿಗೆ, ಒಂದೇ ಕೆಲಸಕ್ಕೆ ಸೀಮಿತವಾದ ವಿಶೇಷ ಮುಖ್ತ್ಯಾರ ಪತ್ರ, ಅದೂ ಮನೆಯವರಿಗೆ. ಇನ್ನು ಮಾರೋ ಕಡೆಯವರೇ "ಜಿಪಿಎ ಮೇಲೆ ಕೊಡ್ತೀವಿ" ಅಂದ್ರೆ ಎದ್ದು ಬನ್ನಿ; ಬರೀ ಜಿಪಿಎ, ಕರಾರಿನ ಮೇಲೆ ಒಡೆತನ ವರ್ಗ ಆಗಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ.

ಕೊನೇ ಸಾಲಿನಲ್ಲಿ ನೀವು ಹಗುರಾಗಿ ಹೇಳಿಬಿಟ್ಟಿದ್ದೀರಲ್ಲ, ಹುಬ್ಬಳ್ಳಿ ಹೊರಗೆ ಒಂದು ಗುಂಟಾ ಪ್ಲಾಟ್ ಇದೆ, ಉತಾರ ಮುಂದೆ ಆಗುತ್ತೆ, ಈ ಶುಕ್ರವಾರ ಸಂಚಕಾರ ಕೊಡಬೇಕು ಅಂತ. ಆ್ಯಪ್‌ಗಿಂತ ಮೊದಲು ಅದನ್ನ ನಿಲ್ಲಿಸಿ. ಆ ಜಮೀನಿನ ಎನ್.ಎ. (ಕೃಷಿಯೇತರ ಬಳಕೆಯ) ಆದೇಶ ಕೇಳಿ, ಲೇಔಟ್ ಮಂಜೂರಾತಿ ಕೇಳಿ. ಪಂಚಾಯ್ತಿ ವ್ಯಾಪ್ತಿ ಆದ್ರೆ ಇ-ಸ್ವತ್ತಿನ (ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆಯ) ಫಾರ್ಮ್ 9 ಮತ್ತು 11ಎ ಇದೆಯಾ ನೋಡಿ. ಕೈಗೆ 11ಬಿ ಕೊಟ್ರೆ ಅದು ಅನಧಿಕೃತ ಆಸ್ತಿಯ ಕಾಗದ, ಅದನ್ನ ನಂಬಿ ಸಾಲ ಕೊಡೋ ಬ್ಯಾಂಕು ಸಿಗೋದು ಕಷ್ಟ. ಇನ್ನೂ ಹೊಲವಾಗೇ ಇದ್ರೆ ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಏನು ಬರೆದಿದೆ ಓದಿಸಿ. ಸರ್ಕಾರ ಮಂಜೂರು ಮಾಡಿದ ಜಮೀನಾ, ಪರಿಶಿಷ್ಟರಿಗೆ ಕೊಟ್ಟಿದ್ದಾ ಅಂತ ವಿಚಾರಿಸಿ. ಪರಿಶಿಷ್ಟರಿಗೆ ಮಂಜೂರಾದದ್ದಾಗಿದ್ರೆ 1978ರ ಪಿಟಿಸಿಎಲ್ (ಅಂಥ ಜಮೀನಿನ ಪರಭಾರೆ ತಡೆಯೋ) ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದ ಮಾರಾಟ ಊರ್ಜಿತವಲ್ಲ, 2023ರ ತಿದ್ದುಪಡಿ ಆದ ಮೇಲೆ ಜಮೀನು ವಾಪಸ್ ಕೇಳಿ ಅರ್ಜಿ ಹಾಕೋಕೆ ಕಾಲಮಿತಿಯೂ ಇಲ್ಲ. ಇದನ್ನೆಲ್ಲ ಆ ಪ್ಲಾಟ್ ತಂದ ಹುಡುಗನಿಗೆ ಕೇಳಬೇಡಿ. ಬೇರೆ ಯಾರನ್ನಾದ್ರೂ ಕಳಿಸಿ, ದುಡ್ಡು ಮೊದಲೇ ಕೊಟ್ಟು ಕಳಿಸಿ. ಧಾರವಾಡ ತಾಲ್ಲೂಕೋ ಹುಬ್ಬಳ್ಳಿ ತಾಲ್ಲೂಕೋ ಹೇಳಿ, ಮಾಸ್ತರು ಬುಧವಾರ ಆ ಕಡೆಗೇ ಹೋಗೋರಿದ್ದಾರೆ.