ಜಿಲ್ಬರ್ಟೊ ಹೆಸರು ಬಂದರೆ ಆರ್ಸೆನಲ್‌ನ ಹಳೇ ಅಭಿಮಾನಿಗಳು ಯಾಕೆ ಮೆತ್ತಗಾಗುತ್ತಾರೆ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಆರ್ಸೆನಲ್‌ನ ಪಂದ್ಯ ನೋಡಲು ಶುರು ಮಾಡಿ ಎರಡು ವರ್ಷವಾಯಿತು, ಹಳಬರಲ್ಲಿ ಹೆನ್ರಿ, ಬರ್ಗ್‌ಕ್ಯಾಂಪ್, ವಿಯೆರಾ ಯಾರೆಂದು ಗೊತ್ತು. ಆದರೆ ಹಳೇ ಅಭಿಮಾನಿಗಳು ಮಾತಿಗೆ ಕೂತರೆ ಬೇರೆಯೇ ಹೆಸರುಗಳು ಬರುತ್ತವೆ. ಹೊರಗಿನವರು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳದ ಆ ಆಟಗಾರರು ಯಾರು, ಅವರನ್ನು ಇಷ್ಟೊಂದು ಹಚ್ಚಿಕೊಂಡಿರುವುದು ಯಾಕೆ?

ನನ್ನ ಮಟ್ಟಿಗೆ ಮೊದಲ ಹೆಸರು ಜಿಲ್ಬರ್ಟೊ ಸಿಲ್ವಾ, ಡಿಫೆಂಡರ್‌ಗಳ ಮುಂದೆ ಕಾವಲು ನಿಲ್ಲುತ್ತಿದ್ದ ಮಿಡ್‌ಫೀಲ್ಡರ್. ಎರಡನೆಯದಕ್ಕೆ ಬೇಕಾದರೆ ಜಗಳ ಆಡೋಣ. (ಎಲ್ಲರನ್ನೂ ಏಕವಚನದಲ್ಲೇ ಬರೆಯುತ್ತೇನೆ. ಸಲಿಗೆ, ಅಷ್ಟೇ.)

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅವನು ಆಡುತ್ತಿದ್ದ ಕಾಲದಲ್ಲಿ ಅವನನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಬ್ರೆಜಿಲ್‌ನವನು, ಅದರಲ್ಲೂ 2002ರ ವಿಶ್ವಕಪ್ ಗೆದ್ದು ನೇರ ಇಲ್ಲಿಗೆ ಬಂದವನು ಅಂದರೆ ನಾಲ್ಕು ಜನರನ್ನು ಕುಣಿಸಿ ಗೋಲ್ ಹೊಡೆಯುತ್ತಾನೆ ಅಂದುಕೊಂಡಿದ್ದೆ. ಇವನು ನೋಡಿದರೆ ಚೆಂಡು ಸಿಕ್ಕ ತಕ್ಷಣ ಪಕ್ಕದವನಿಗೆ ಕೊಟ್ಟು ಸುಮ್ಮನಾಗುತ್ತಿದ್ದ. "ಈ ಬ್ರೆಜಿಲ್‌ನವನಿಗೆ ಬ್ರೆಜಿಲ್ ಆಟವೇ ಬರೋದಿಲ್ವಲ್ಲೋ" ಎಂದು ಗೆಳೆಯನ ಹತ್ತಿರ ಹೇಳಿ ನಕ್ಕಿದ್ದೂ ಉಂಟು.

ಎಷ್ಟೋ ವರ್ಷದ ಮೇಲೆ ಹಳೇ ಪಂದ್ಯಗಳನ್ನು ಪೂರ್ತಿ ನೋಡುವ ಹುಚ್ಚು ಹಿಡಿಯಿತು. ಗೋಲುಗಳ ತುಣುಕುಗಳಲ್ಲ, 90 ನಿಮಿಷವೂ. ಒಂದು ಸಲ ಸುಮ್ನೆ ತಮಾಷೆಗೆ, ಚೆಂಡನ್ನು ಬಿಟ್ಟು ಇಪ್ಪತ್ತು ನಿಮಿಷ ಜಿಲ್ಬರ್ಟೊ ಒಬ್ಬನನ್ನೇ ನೋಡಿದೆ. ಕಷ್ಟದ ಕೆಲಸ ಅದು. ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ಇವನು ಪರದೆಯ ಅಂಚಿಗೆ ಹೋಗಿ ಮಾಯವಾಗುತ್ತಾನೆ. ಆದರೂ ಸ್ವಲ್ಪ ಹೊತ್ತಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಎಡಗಡೆ ಆ್ಯಶ್ಲಿ ಕೋಲ್ ಮುಂದಕ್ಕೆ ಓಡಿದಾಗಲೆಲ್ಲ ಇವನು ನಾಲ್ಕು ಹೆಜ್ಜೆ ಎಡಕ್ಕೆ ಸರಿಯುತ್ತಾನೆ. ವಿಯೆರಾ ನುಗ್ಗಿದರೆ ಇವನು ನಿಂತಲ್ಲೇ ನಿಲ್ಲುತ್ತಾನೆ, ಕತ್ತು ಮಾತ್ರ ಆ ಕಡೆ ಈ ಕಡೆ ತಿರುಗುತ್ತಾ ಇರುತ್ತದೆ. ಎದುರಾಳಿಗೆ ಚೆಂಡು ಸಿಕ್ಕಿ ತಲೆ ಎತ್ತಿ ನೋಡುವಷ್ಟರಲ್ಲಿ, ಅವನು ಪಾಸ್ ಕೊಡಬೇಕು ಅಂದುಕೊಂಡ ಜಾಗದಲ್ಲಿ ಜಿಲ್ಬರ್ಟೊ ಆಗಲೇ ನಿಂತಿರುತ್ತಾನೆ. ಟ್ಯಾಕಲ್ ಕೂಡ ಬೇಕಾಗಿಲ್ಲ. ಎದುರಾಳಿ ಚೆಂಡನ್ನು ಹಿಂದಕ್ಕೆ ಆಡುತ್ತಾನೆ, ಕಾಮೆಂಟೇಟರ್ ಬೇರೆ ಏನೋ ಮಾತಾಡುತ್ತಿರುತ್ತಾನೆ. ಇದನ್ನು ಯಾವ ತುಣುಕಿನಲ್ಲಿ ಹಾಕುತ್ತೀರಿ ಹೇಳಿ? ಹಾರ ನೋಡಿದವರು ಹೂವು ಚೆನ್ನಾಗಿದೆ ಅಂತಾರೆ, ನಾರಿನ ಸುದ್ದಿ ಎತ್ತುವವರು ಯಾರು? ಅವನಿಗೆ 'ಕಾಣದ ಗೋಡೆ' ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ.

ಅವನ ಅದೃಷ್ಟ ಖುಲಾಯಿಸಿದ್ದೂ ಇನ್ನೊಬ್ಬರ ಗ್ರಹಚಾರದಿಂದ. ಆ ವಿಶ್ವಕಪ್ಪಿಗೆ ಬ್ರೆಜಿಲ್‌ನ ನಾಯಕ ಎಮರ್ಸನ್. ತರಬೇತಿಯ ವೇಳೆ ಗೋಲ್‌ಕೀಪರ್ ಆಗಿ ನಿಂತು ಭುಜದ ಕೀಲು ತಪ್ಪಿಸಿಕೊಂಡ. ಜಾಗ ಜಿಲ್ಬರ್ಟೊಗೆ ಸಿಕ್ಕಿತು, ಆಮೇಲೆ ಅವನು ಬಿಟ್ಟುಕೊಡಲಿಲ್ಲ. ಟರ್ಕಿ ವಿರುದ್ಧದ ಸೆಮಿಫೈನಲ್‌ನಲ್ಲಿ ರೊನಾಲ್ಡೊ ಬೂಟಿನ ತುದಿಯಿಂದ ಚುಚ್ಚಿ ಹೊಡೆದ ಗೋಲ್ ನೋಡಿರುತ್ತೀರಿ. ಆ ಪಾಸ್ ಕೊಟ್ಟವನು ಯಾರು ಅಂದುಕೊಂಡಿರಿ?

ಆರ್ಸೆನಲ್‌ನಲ್ಲಿ ಅವನ ಬೆಲೆ ಗೊತ್ತಾದದ್ದು ಅವನು ಇಲ್ಲದಿದ್ದಾಗ. 2003-04ರಲ್ಲಿ ತಂಡ 38 ಪಂದ್ಯದಲ್ಲಿ 26 ಗೆದ್ದು, 12 ಡ್ರಾ ಮಾಡಿಕೊಂಡು, ಒಂದೂ ಸೋಲದೆ ಲೀಗ್ ಗೆದ್ದ ಕತೆ ನಿಮಗೆ ಗೊತ್ತು. ಮುಂದಿನ ಸೀಸನ್ ಶುರುವಾಗಿ ಸ್ವಲ್ಪ ದಿನಕ್ಕೇ ಅವನ ಬೆನ್ನಿನ ಮೂಳೆ ಬಿರುಕುಬಿಟ್ಟಿತು. ತಿಂಗಳುಗಟ್ಟಲೆ ಮೈದಾನಕ್ಕೆ ಇಳಿಯಲಿಲ್ಲ. 49 ಪಂದ್ಯಗಳ ಅಜೇಯ ಓಟ 2004ರ ಅಕ್ಟೋಬರ್ 24ರಂದು ಮ್ಯಾಂಚೆಸ್ಟರ್ ಯುನೈಟೆಡ್‌ನ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ನಿಂತುಹೋಯಿತಲ್ಲ, ಆ ದಿನ ಅವನು ತಂಡದಲ್ಲಿ ಇರಲಿಲ್ಲ. ಎಲ್ಲರೂ ಅವತ್ತು ಯುನೈಟೆಡ್‌ಗೆ ಕೊಟ್ಟ ಪೆನಾಲ್ಟಿ ಬಗ್ಗೆಯೇ ಇವತ್ತಿಗೂ ಕೂಗಾಡುತ್ತಾರೆ. ನಾನೂ ಕೂಗಾಡಿದ್ದೇನೆ. ಆದರೆ ಆ ಸೀಸನ್‌ನಲ್ಲಿ ಮಧ್ಯಭಾಗ ಎಷ್ಟು ಸಲ ಬಾಗಿಲು ತೆರೆದ ಮನೆಯ ಹಾಗೆ ಇತ್ತು ಅನ್ನೋದನ್ನೂ ನೋಡಬೇಕು. ಚೆಲ್ಸಿ 95 ಅಂಕ, ನಾವು 83.

ಹೊಸ ಮೈದಾನ ಎಮಿರೇಟ್ಸ್‌ನಲ್ಲಿ ಆರ್ಸೆನಲ್‌ನ ಮೊದಲ ಲೀಗ್ ಗೋಲ್ ಯಾರದ್ದು ಎಂದು ಕೇಳಿ ನೋಡಿ, ಹತ್ತರಲ್ಲಿ ಎಂಟು ಜನ ಹೆನ್ರಿ ಅಂತಾರೆ. ಅಲ್ಲ. 2006ರ ಆಗಸ್ಟ್ 19, ಆ್ಯಸ್ಟನ್ ವಿಲ್ಲಾ ವಿರುದ್ಧ ಒಂದು ಗೋಲ್ ಹಿಂದಿದ್ದಾಗ ಕೊನೆಕೊನೆಗೆ ಸಮ ಮಾಡಿದವನು ಜಿಲ್ಬರ್ಟೊ. ಆ ಸೀಸನ್ ಹೆನ್ರಿ ಗಾಯದಿಂದ ಎಷ್ಟೋ ಪಂದ್ಯ ಹೊರಗಿದ್ದ. ನಾಯಕನ ಪಟ್ಟಿ ಇವನ ತೋಳಿಗೆ ಬಂತು, ಪೆನಾಲ್ಟಿ ಹೊಣೆಯೂ ಬಂತು. ಲೀಗ್‌ನಲ್ಲಿ 10 ಗೋಲ್ ಹೊಡೆದ, ಗೋಡೆ ಅನ್ನಿಸಿಕೊಂಡವನು! ಹೆನ್ರಿ ಹೋದ ಮೇಲೆ ಕಾಯಂ ನಾಯಕತ್ವ ಮಾತ್ರ ಗಲ್ಲಾಸ್‌ಗೆ ಹೋಯಿತು, ಜಾಗ ಫ್ಲಾಮಿನಿಗೆ ಹೋಯಿತು. 2008ರಲ್ಲಿ ಗದ್ದಲ ಮಾಡದೆ ಗ್ರೀಸ್‌ನ ಪನಾಥಿನೈಕೋಸ್‌ಗೆ ಹೊರಟುಹೋದ. ಅವನು ಗಲಾಟೆ ಮಾಡಿಕೊಂಡು ಹೋಗಿದ್ದರೆ ನಮಗೂ ಇಷ್ಟು ಬೇಜಾರಾಗುತ್ತಿರಲಿಲ್ಲವೇನೋ.

ಇನ್ನು 1998ಕ್ಕೆ ಹೋಗೋಣ. ಆರ್ಸೆನಲ್ ಕೋಚ್ ಆಗಿ ವೆಂಗರ್‌ನ ಮೊದಲ ಲೀಗ್ ಪ್ರಶಸ್ತಿ. ಓವರ್‌ಮಾರ್ಸ್, ಬರ್ಗ್‌ಕ್ಯಾಂಪ್, ಟೋನಿ ಆ್ಯಡಮ್ಸ್ ಎಂದೇ ಎಲ್ಲರೂ ಹೇಳುವುದು. ಆದರೆ ಆ ವರ್ಷದ ಫೆಬ್ರವರಿ, ಮಾರ್ಚ್ ತಿಂಗಳ ಫಲಿತಾಂಶಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದರೆ ಮಜಾ ಇದೆ. ಚೆಲ್ಸಿ ವಿರುದ್ಧ 2-0, ಎರಡೂ ಗೋಲ್ ಸ್ಟೀಫನ್ ಹ್ಯೂಸ್ ಎಂಬ 21ರ ಹುಡುಗನದ್ದು. ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ 1-0, ಗೋಲ್ ಹೊಡೆದದ್ದು ಗ್ರಿಮಾಂಡಿ, ಅವನು ಡಿಫೆಂಡರ್. ವಿಂಬಲ್ಡನ್ ವಿರುದ್ಧ 1-0, ಬೋಲ್ಟನ್ ವಿರುದ್ಧ 1-0, ಅದಾದ ಮೇಲೆ ಎಫ್‌ಎ ಕಪ್ (ಲೀಗ್‌ಗಿಂತ ಬೇರೆಯಾದ ನಾಕೌಟ್ ಟೂರ್ನಿ) ಸೆಮಿಫೈನಲ್‌ನಲ್ಲಿ ವುಲ್ವ್ಸ್ ವಿರುದ್ಧ 1-0. ಈ ಮೂರೂ ಗೋಲ್ ಲೈಬೀರಿಯಾದ ಕ್ರಿಸ್ಟೋಫರ್ ರೆಹ್‌ನದ್ದು. ಆ ಮೂರು ಗೋಲ್ ಬಿಟ್ಟರೆ ಅವನ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ. ಆದರೆ ಆ ಮೂರು ಗೋಲ್ ಇಲ್ಲದಿದ್ದರೆ?

ಈ ಹೊತ್ತಿನಲ್ಲೇ ಗೋಲ್ ಮುಂದೆ ನಿಂತಿದ್ದವನು ಆಸ್ಟ್ರಿಯಾದ ಅಲೆಕ್ಸ್ ಮಾನಿಂಗರ್, ವಯಸ್ಸು 20. ಡೇವಿಡ್ ಸೀಮನ್‌ಗೆ ಗಾಯವಾಗಿದ್ದರಿಂದ ಸಿಕ್ಕ ಅವಕಾಶ. ಲೀಗ್‌ನಲ್ಲಿ ಸತತ ಆರು ಪಂದ್ಯ ಒಂದೂ ಗೋಲ್ ಬಿಟ್ಟುಕೊಡಲಿಲ್ಲ. ಆರನೆಯದು ಮಾರ್ಚ್ 14ರಂದು ಓಲ್ಡ್ ಟ್ರಾಫರ್ಡ್‌ನಲ್ಲಿ. ಅಷ್ಟು ಹೊತ್ತಿಗೆ ಯುನೈಟೆಡ್ ಎಷ್ಟು ಮುಂದಿತ್ತೆಂದರೆ, ಲೀಗ್ ಅವರದ್ದೇ ಎಂದು ಬೆಟ್ಟಿಂಗ್ ಕಂಪನಿಯೊಂದು ಪಣ ಕಟ್ಟಿದವರಿಗೆ ದುಡ್ಡು ಹಂಚಿಯೇಬಿಟ್ಟಿತ್ತು! ಓವರ್‌ಮಾರ್ಸ್ ಹೊಡೆದ, 1-0. ಮೂರು ದಿನ ಬಿಟ್ಟು ಕಪ್‌ನಲ್ಲಿ ವೆಸ್ಟ್ ಹ್ಯಾಮ್ ಎದುರು ಪೆನಾಲ್ಟಿ ಶೂಟೌಟ್, ಅದರಲ್ಲೂ ಗೆದ್ದ. ಆ ತಿಂಗಳ ಅತ್ಯುತ್ತಮ ಆಟಗಾರ ಪ್ರಶಸ್ತಿ ಇವನಿಗೇ ಸಿಕ್ಕಿತು. ತಿಂಗಳು ಮುಗಿಯುವುದರೊಳಗೆ ಸೀಮನ್ ವಾಪಸ್ ಬಂದ, ಪ್ರಶಸ್ತಿ ತೆಗೆದುಕೊಂಡವನು ಬೆಂಚಿಗೆ ಹೋದ. ಲೀಗ್ ಪದಕಕ್ಕೆ ಆಗ ಕನಿಷ್ಠ 10 ಪಂದ್ಯ ಆಡಿರಬೇಕಿತ್ತು, ಇವನದ್ದು ಏಳೇ. ಕೊನೆಗೆ ವಿಶೇಷವಾಗಿ ಒಪ್ಪಿಗೆ ಕೊಟ್ಟು ಪದಕ ಕೊಟ್ಟರು. ಸಾಲ್ಜ್‌ಬರ್ಗ್ ಹತ್ತಿರ ರೈಲು ಗೇಟಿನಲ್ಲಿ ನಡೆದ ಅಪಘಾತದಲ್ಲಿ ಮಾನಿಂಗರ್ ತೀರಿಕೊಂಡ. ಸುದ್ದಿ ಓದಿದ ದಿನ ಆ ಮಾರ್ಚ್ ತಿಂಗಳ ಪಂದ್ಯಗಳನ್ನು ಹುಡುಕಿಕೊಂಡು ಕೂತೆ.

ಮಿಡ್‌ಫೀಲ್ಡರ್ ರೇ ಪಾರ್ಲರ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಅವನು ಈಗಲೂ ರೇಡಿಯೋದಲ್ಲಿ ಮಾತಾಡುತ್ತಲೇ ಇರುತ್ತಾನೆ. ಪ್ರೀಮಿಯರ್ ಲೀಗ್‌ನಲ್ಲಿ ಆರ್ಸೆನಲ್ ಪರ 333 ಪಂದ್ಯ. ಅಷ್ಟು ಆಡಿದವನನ್ನೂ ಲೆಕ್ಕಕ್ಕೆ ಇಡುತ್ತಿರಲಿಲ್ಲ ಅನ್ನೋದಕ್ಕೆ 2002ರ ಎಫ್‌ಎ ಕಪ್ ಫೈನಲ್ ಸಾಕು. ಟಿವಿಯಲ್ಲಿ ಎರಡೂ ತಂಡದ ಅಭಿಮಾನಿಗಳನ್ನು ಕೂರಿಸಿ ಕಾಮೆಂಟರಿ ಹೇಳಿಸುವ ಒಂದು ಏರ್ಪಾಟು ಇತ್ತು. ಪಾರ್ಲರ್ ಚೆಂಡು ತೆಗೆದುಕೊಂಡು ಮುಂದೆ ಬರುತ್ತಿದ್ದಾಗ ಎದುರಾಳಿ ಚೆಲ್ಸಿಯ ಅಭಿಮಾನಿ, ಪರವಾಗಿಲ್ಲ ಬಿಡಿ, ರೇ ಪಾರ್ಲರ್ ತಾನೇ ಎಂಬ ಅರ್ಥದ ಮಾತು ಆಡಿದ. ಮಾತು ಮುಗಿಯುವಷ್ಟರಲ್ಲಿ ಚೆಂಡು ಮೇಲಿನ ಮೂಲೆಯಲ್ಲಿತ್ತು. ಬೇಜಾರಾದಾಗಲೆಲ್ಲ ನಾನು ನೋಡುವ ತುಣುಕು ಅದು.

ರೈಟ್ ಬ್ಯಾಕ್ ಲೌರೆನ್ ಕೂಡ ಇದೇ ಸಾಲಿನವನು. 2000ದಲ್ಲಿ ಮಯೋರ್ಕಾದಿಂದ ಬಂದಾಗ ಮಿಡ್‌ಫೀಲ್ಡರ್, ವೆಂಗರ್ ಅವನನ್ನು ಹಿಂದಕ್ಕೆ ಎಳೆದು ಡಿಫೆಂಡರ್ ಮಾಡಿದ. 2002ರ ಏಪ್ರಿಲ್‌ನಲ್ಲಿ ನಮ್ಮ ನೆರೆಯ ವೈರಿ ಟಾಟನ್‌ಹ್ಯಾಮ್ ವಿರುದ್ಧ 1-1 ಇದ್ದಾಗ, ಪಂದ್ಯ ಮುಗಿಯಲು ನಾಲ್ಕೈದು ನಿಮಿಷ ಬಾಕಿ ಇದ್ದಾಗ ಪೆನಾಲ್ಟಿ ತೆಗೆದುಕೊಂಡವನು ಅವನು. ಲೀಗ್ ಪ್ರಶಸ್ತಿಯೇ ತೂಗಾಡುತ್ತಿದ್ದ ಹೊತ್ತಿನಲ್ಲಿ ನೇರ ಮಧ್ಯಕ್ಕೆ ಮೆಲ್ಲಗೆ ಆಡಿದ. ಎದೆಗಾರಿಕೆ ಅಂದರೆ ಅದು. 2003ರಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಯುನೈಟೆಡ್ ಆಟಗಾರರ ಜೊತೆ ಗಲಾಟೆಯಾಯಿತಲ್ಲ, ಫೋಟೋದಲ್ಲಿ ಕಾಣುವವನು ನಮ್ಮ ಡಿಫೆಂಡರ್ ಕಿಯೋನ್. ಅತಿ ಹೆಚ್ಚು ಶಿಕ್ಷೆ ಬಿದ್ದದ್ದು ಲೌರೆನ್‌ಗೆ: ನಾಲ್ಕು ಪಂದ್ಯ ನಿಷೇಧ, 40,000 ಪೌಂಡ್ ದಂಡ. ಹೆಮ್ಮೆಪಡುವ ವಿಷಯ ಅಲ್ಲ ಬಿಡಿ. ಆದರೂ.

ಟೊಮಾಶ್ ರೊಸಿಟ್ಸ್ಕಿಯನ್ನು ಈ ಪಟ್ಟಿಗೆ ಸೇರಿಸಿದರೆ ಕೆಲವರು ಒಪ್ಪುವುದಿಲ್ಲ. ಅವನು 'ಗಾಯವಾಗದೆ ಇದ್ದಿದ್ದರೆ' ಪಟ್ಟಿಯವನು, ಡಿಯಾಬಿ ಜೊತೆ ಇಡಬೇಕು ಅಂತಾರೆ. ನನಗೆ ಹಾಗನ್ನಿಸುವುದಿಲ್ಲ. 2008ರ ಜನವರಿಯಲ್ಲಿ ನ್ಯೂಕ್ಯಾಸಲ್ ವಿರುದ್ಧದ ಕಪ್ ಪಂದ್ಯದಲ್ಲಿ ಅವನು ಗಾಯಗೊಂಡು ಹೋದ. ವಾಪಸ್ ಬಂದದ್ದು 2009ರ ಸೆಪ್ಟೆಂಬರ್‌ನಲ್ಲಿ. ಅವನು ಗಾಯಗೊಂಡ 2007-08ರ ಸೀಸನ್‌ನಲ್ಲಿ ನಾವು 83 ಅಂಕ ಗಳಿಸಿಯೂ ನಾಲ್ಕೇ ಅಂಕದಿಂದ ಲೀಗ್ ಕಳೆದುಕೊಂಡೆವು. ಎಲ್ಲರೂ ಫೆಬ್ರವರಿಯಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಎಡ್ವಾರ್ಡೊ ಕಾಲು ಮುರಿದ ದಿನವನ್ನೇ ದೂರುತ್ತಾರೆ. ನನ್ನ ಲೆಕ್ಕದಲ್ಲಿ ತಂಡ ಕುಂಟಲು ಶುರುವಾದದ್ದು ಅದಕ್ಕೆ ಒಂದು ತಿಂಗಳು ಮೊದಲೇ. ರೊಸಿಟ್ಸ್ಕಿ ಬೂಟಿನ ಹೊರಬದಿಯಿಂದ ಕೊಡುತ್ತಿದ್ದ ಪಾಸ್ ನೋಡಲು ಚೆಂದ, ಅದನ್ನು ಎಲ್ಲರೂ ಹೇಳುತ್ತಾರೆ. ಚೆಂಡು ಕಳೆದುಕೊಂಡ ಮರುಕ್ಷಣವೇ ತಿರುಗಿ ಅದರ ಹಿಂದೆ ಬೀಳುತ್ತಿದ್ದನಲ್ಲ, ಆ ಕೆಲಸವನ್ನು ಅವನ ಜಾಗಕ್ಕೆ ಬಂದವರು ಯಾರೂ ಮಾಡಲಿಲ್ಲ. ಹತ್ತು ವರ್ಷ ಇದ್ದ. ಎರಡು ಎಫ್‌ಎ ಕಪ್. 2014ರಲ್ಲಿ ಟಾಟನ್‌ಹ್ಯಾಮ್ ಮೈದಾನದಲ್ಲಿ ಪಂದ್ಯ ಶುರುವಾಗಿ 72ನೇ ಸೆಕೆಂಡಿಗೆ ಹೊಡೆದ ಗೋಲನ್ನು ಮಾತ್ರ ತಪ್ಪದೆ ನೋಡಿ, ವಿವರಿಸಿ ಹಾಳು ಮಾಡುವುದಿಲ್ಲ.

ಟಾಟನ್‌ಹ್ಯಾಮ್ ಮಾತು ಬಂದ ಮೇಲೆ ಬಕಾರಿ ಸಾನ್ಯಾನನ್ನು ಬಿಡಲಾಗುವುದಿಲ್ಲ. 2011ರ ಅಕ್ಟೋಬರ್‌ನಲ್ಲಿ ಅವರ ಮೈದಾನದಲ್ಲಿ ಅವನ ಕಾಲಿನ ಮೂಳೆ ಮುರಿಯಿತು. ಐದು ತಿಂಗಳು ತುಂಬುವ ಮೊದಲೇ, 2012ರ ಫೆಬ್ರವರಿ 26ಕ್ಕೆ, ನಮ್ಮ ಮೈದಾನದಲ್ಲಿ ಅದೇ ಎದುರಾಳಿ. ಆಗಲೇ 0-2. ಎರಡನೆಯದನ್ನು ಪೆನಾಲ್ಟಿಯಲ್ಲಿ ಹೊಡೆದವನು ನಮ್ಮಲ್ಲೇ ಆಡಿ ಹೋಗಿದ್ದ ಅಡೆಬಯೋರ್, ಗಾಯದ ಮೇಲೆ ಉಪ್ಪು. ರಿಮೋಟ್ ನನ್ನ ಕೈಯಲ್ಲಿತ್ತು, ಬೆರಳು ಆಫ್ ಬಟನ್ ಮೇಲೆ. ಆಗ ಈಗಿನ ನಿಮ್ಮ ಕೋಚ್ ಅರ್ಟೆಟಾ ಒಂದು ಕ್ರಾಸ್ ಎತ್ತಿದ. ಬಲಗಡೆ ಕಾವಲು ಕಾಯಬೇಕಾದ ಸಾನ್ಯಾ ಅಲ್ಲಿ ಗೋಲ್ ಮುಂದೆ ಏನು ಮಾಡುತ್ತಿದ್ದನೋ ದೇವರಿಗೇ ಗೊತ್ತು. ತಲೆ ಕೊಟ್ಟ, 1-2. ಆಮೇಲೆ ವಾನ್ ಪೆರ್ಸಿ ಒಂದು, ರೊಸಿಟ್ಸ್ಕಿ ಒಂದು, ವಾಲ್ಕಾಟ್ ಎರಡು, ಒಟ್ಟು 5-2. ಪಂದ್ಯ ಮುಗಿದ ಮೇಲೆ ನೋಡಿದರೆ ರಿಮೋಟ್ ಸೋಫಾದ ಕೆಳಗೆ ಬಿದ್ದಿತ್ತು, ಅದರ ಬ್ಯಾಟರಿ ಇನ್ನೊಂದು ಮೂಲೆಯಲ್ಲಿ.