ಓದುಗರ ಪ್ರಶ್ನೋತ್ತರ: ಜಾಝ್-ಫಂಕ್ ಬೇಸು, ಮಾಸ್ಟರ್ ಟೇಪು, ಎಲ್‌ಪಿ ತಟ್ಟೆ

ಪ್ರಶ್ನೆ: ಹರ್ಬಿ ಹ್ಯಾನ್‌ಕಾಕ್ ಅವರ 'ಕಮೀಲಿಯನ್' ನುಡಿಸುತ್ತೇವೆ. ಗಿಟಾರ್, ಬೇಸ್, ಕೀಬೋರ್ಡ್, ಡ್ರಮ್ಸ್ ಇವೆ. ಸ್ವರಗಳೆಲ್ಲ ಸರಿ, ಆದರೂ ರೆಕಾರ್ಡಿನ ಬಿಗಿ ಬರುತ್ತಿಲ್ಲ. ಯಾಕೆ? (ಧಾರವಾಡ)

ಉತ್ತರ: ಈ ಹಾಡಿರುವ 1973ರ 'ಹೆಡ್ ಹಂಟರ್ಸ್' ಆಲ್ಬಮ್‌ನಲ್ಲಿ ಗಿಟಾರ್ ವಾದಕರೇ ಇಲ್ಲ. ಶುರುವಿನ ಆ ಬೇಸ್ ಸಾಲು ಕೂಡ ಬೇಸ್ ಗಿಟಾರಿನದಲ್ಲ, ಹ್ಯಾನ್‌ಕಾಕ್ ಎಆರ್‌ಪಿ ಒಡಿಸ್ಸಿ ಸಿಂಥಸೈಜರಿನಲ್ಲಿ ನುಡಿಸಿದ್ದು. ಗಿಟಾರಿನಂತೆ ಕೇಳಿಸುವುದು ಬೇಸ್ ವಾದಕ ಪಾಲ್ ಜಾಕ್ಸನ್ ತಮ್ಮ ಬೇಸಿನ ಮೇಲಿನ ಸ್ಥಾಯಿಯಲ್ಲಿ ಮೀಟುವ ತುಣುಕು, ಜೊತೆಗೆ ಹ್ಯಾನ್‌ಕಾಕರ ಕ್ಲಾವಿನೆಟ್ (ತಂತಿಯ ಸದ್ದಿನ ವಿದ್ಯುತ್ ಕೀಬೋರ್ಡ್). ಅಂದರೆ ತಳದಲ್ಲಿ ಒಂದೇ ಸಾಲು. ನಿಮ್ಮಲ್ಲಿ ಬೇಸ್ ಇರುವ ಜಾಗಕ್ಕೇ ಕೀಬೋರ್ಡಿನ ಎಡಗೈಯೂ ನುಗ್ಗುತ್ತಿರಬೇಕು. ಆ ಎಡಗೈಯನ್ನು ಪೂರ್ತಿ ಎತ್ತಿಸಿ. ಗಿಟಾರಿನವರಿಗೆ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗುಚ್ಛ) ಬೇಡ, ಜಾಕ್ಸನ್ನರ ಆ ತುಣುಕನ್ನೇ ಕೊಡಿ.

ಇನ್ನು ಸಾಲಿನ ವಿಷಯ. ಜಿ, ಎ ಫ್ಲ್ಯಾಟ್, ಎ ಎಂದು ಮೂರು ಮೆಟ್ಟಿಲು ಹತ್ತಿ ಬಿ ಫ್ಲ್ಯಾಟ್ ಮೇಲೆ ಕೂರಬೇಕು. ಮುಂದಿನ ಸಲ ಸಿ, ಡಿ ಫ್ಲ್ಯಾಟ್, ಡಿ ಹತ್ತಿ ಇ ಫ್ಲ್ಯಾಟ್ ಮೇಲೆ. ನಮ್ಮ ಸಂಗೀತದವರಿಗೆ ಇದು ಹೊಸದಲ್ಲ, ಅತೀತ ಎಡುಪಿನ ಹಾಗೆ ಸಮಕ್ಕೆ (ತಾಳದ ಮೊದಲ ಏಟಿಗೆ) ಮೊದಲೇ ಎತ್ತಿಕೊಳ್ಳುವುದು. ಹತ್ತುವಾಗ ಯಾರೂ ತಪ್ಪುವುದಿಲ್ಲ, ಕೂತ ಮೇಲೆ ತಪ್ಪುತ್ತಾರೆ. ಬಿ ಫ್ಲ್ಯಾಟನ್ನು ಗುಂಯ್ ಎನ್ನಲು ಬಿಟ್ಟರೆ ಡ್ರಮ್ಸ್ ಮಾತಾಡಬೇಕಾದ ಜಾಗ ಮುಚ್ಚಿಹೋಗುತ್ತದೆ. ಎಡಗೈ ಬೆರಳನ್ನು ತಂತಿಯ ಮೇಲೇ ಇಟ್ಟು ಒತ್ತು ಮಾತ್ರ ಸಡಿಲಿಸಿ, ಸ್ವರ ಅಲ್ಲೇ ತುಂಡಾಗುತ್ತದೆ.

ಮೆಟ್ರೋನೋಮ್ 46ಕ್ಕೆ ಇಟ್ಟು, ಪ್ರತಿ ಕ್ಲಿಕ್ಕನ್ನೂ 2ನೇ, 4ನೇ ಏಟೆಂದು ಎಣಿಸಿ, ಇದೊಂದೇ ಸಾಲನ್ನು ಹತ್ತು ನಿಮಿಷ ನುಡಿಸಿ. ಓಡುವವರು ಯಾರೆಂದು ಮೂರನೇ ನಿಮಿಷಕ್ಕೇ ಸಿಕ್ಕಿಬೀಳುತ್ತಾರೆ. ಸಾಮಾನ್ಯವಾಗಿ ಅದು ಫಿಲ್ (ಖಾಲಿ ಜಾಗ ತುಂಬುವ ಅಲಂಕಾರದ ಏಟು) ಹೊಡೆಯಲು ಕೈ ತುರಿಸುವ ಡ್ರಮ್ಮರ್.

ಪ್ರಶ್ನೆ: ಸ್ವತಂತ್ರ ರೆಕಾರ್ಡ್ ಲೇಬಲ್ ಎಂದರೆ ಸಣ್ಣ ಕಂಪನಿ ಎಂದಷ್ಟೇ ಅರ್ಥವೇ? (ಮೈಸೂರು)

ಉತ್ತರ: ಗಾತ್ರ ಬಿಡಿ, ಮಾಸ್ಟರ್ ಟೇಪು, ಅಂದರೆ ಪ್ರತಿಗಳನ್ನೆಲ್ಲ ತೆಗೆಯುವ ಮೂಲ ಧ್ವನಿಮುದ್ರಣ, ಯಾರದು ಎಂದು ಕೇಳಿ. ತುತ್ತೂರಿಯ ಚಾರ್ಲ್ಸ್ ಟಾಲಿವರ್, ಪಿಯಾನೋದ ಸ್ಟ್ಯಾನ್ಲಿ ಕೌವೆಲ್ ಸೇರಿ 1971ರಲ್ಲಿ ನ್ಯೂಯಾರ್ಕಿನಲ್ಲಿ ಸ್ಟ್ರಾಟಾ-ಈಸ್ಟ್ ಲೇಬಲ್ ಕಟ್ಟಿದರು. ಅಲ್ಲಿ ಧ್ವನಿಮುದ್ರಣದ ಖರ್ಚು ಕಲಾವಿದರದು, ಮಾಸ್ಟರೂ ಅವರದೇ. ಗಿಲ್ ಸ್ಕಾಟ್-ಹೆರನ್, ಬ್ರಯನ್ ಜಾಕ್ಸನ್ ಅವರ 'ವಿಂಟರ್ ಇನ್ ಅಮೆರಿಕ' 1974ರಲ್ಲಿ ಬಂದದ್ದು ಇಲ್ಲಿಂದಲೇ.

ನಿರ್ಮಾಪಕ ಕ್ರೀಡ್ ಟೇಲರ್ ಅವರ ಸಿಟಿಐ ಲೇಬಲ್ ಕೂಡ 1970ರಿಂದ ಸ್ವತಂತ್ರವೇ. ಧ್ವನಿಮುದ್ರಣ ತಜ್ಞ ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೋ, ಹೊಳಪಿನ ಮಡಿಕೆ ಕವರು, ಎಲ್ಲ ಅಚ್ಚುಕಟ್ಟು. ಆದರೆ ಹಂಚಿಕೆಯ ಹೊರೆ ಹೊತ್ತು ಸಾಲಕ್ಕೆ ಬಿದ್ದು 1978ರಲ್ಲಿ ದಿವಾಳಿ ಅರ್ಜಿ ಹಾಕಿತು. ಅದರ ಅಂಗಸಂಸ್ಥೆ ಕೂಡೂಗಾಗಿ ಗ್ರೋವರ್ ವಾಷಿಂಗ್ಟನ್ ಜೂನಿಯರ್ ಸ್ಯಾಕ್ಸೋಫೋನಿನಲ್ಲಿ ಊದಿದ 'ಮಿಸ್ಟರ್ ಮ್ಯಾಜಿಕ್' ಮುಂತಾದ ಮಾಸ್ಟರ್‌ಗಳು ಮೋಟೌನ್ ಕಂಪನಿಯ ಪಾಲಾದವು. ಊದಿದವರನ್ನು ಯಾರು ಕೇಳುತ್ತಾರೆ!

ಪ್ರಶ್ನೆ: ನಮ್ಮ ಬ್ಯಾಂಡಿನ 52 ನಿಮಿಷದ ಸಂಗೀತವನ್ನು ಒಂದೇ ಎಲ್‌ಪಿಯಲ್ಲಿ (ಗ್ರಾಮಫೋನ್ ತಟ್ಟೆಯಲ್ಲಿ) ತರಬಹುದೇ? (ಬೆಂಗಳೂರು)

ಉತ್ತರ: ತರಬಹುದು, ಬೇಸ್ ಸೊರಗುತ್ತದೆ. ಕೆಳಸ್ವರ ಜೋರಾದಷ್ಟೂ ತಟ್ಟೆಯ ಮೇಲಿನ ಗೆರೆ ಅಗಲ ಜಾಗ ಬೇಡುತ್ತದೆ. ಒಂದು ಬದಿಗೆ 26 ನಿಮಿಷ ತುರುಕಿದರೆ ಒಟ್ಟು ದನಿಯ ಮಟ್ಟವನ್ನೇ ಇಳಿಸಬೇಕು, ಆಗ ತಟ್ಟೆಯ ಸರಸರ ಸದ್ದು ಮೇಲೇಳುತ್ತದೆ. ಫಂಕ್‌ಗೆ ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಬದಿಗೆ 18ರಿಂದ 20 ನಿಮಿಷ ಸಾಕು. ಒಂದೆರಡು ಹಾಡು ಕೈಬಿಡಿ, ಇಲ್ಲವೇ ಎರಡು ತಟ್ಟೆ ಮಾಡಿ.

ಮಿಕ್ಸ್‌ನಲ್ಲಿ ಸುಮಾರು 150 ಹರ್ಟ್ಸ್‌ಗಿಂತ ಕೆಳಗಿನದನ್ನು ಮೋನೋ ಮಾಡಿ, ಅಂದರೆ ಎಡಕ್ಕೂ ಬಲಕ್ಕೂ ಒಂದೇ ಸದ್ದು ಇರಲಿ. ಬೇಸ್ ಎಡ-ಬಲಕ್ಕೆ ಹರಡಿದರೆ ಗೆರೆಯ ಆಳ ಏರುಪೇರಾಗಿ ಮುಳ್ಳು ಜಿಗಿಯುತ್ತದೆ. ಹಾಡುಗಳ ಕ್ರಮವೂ ಮುಖ್ಯ. ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ 50 ಸೆಂ.ಮೀ.ನಷ್ಟು ಗೆರೆ ಹಾಯ್ದರೆ, ನಡುವಿನ ಚೀಟಿಯ ಹತ್ತಿರ ಸುಮಾರು 21 ಮಾತ್ರ. ಹೈ-ಹ್ಯಾಟ್, ಕಹಳೆಗಳ ಗದ್ದಲದ ಹಾಡನ್ನು ಕೊನೆಗಿಟ್ಟರೆ ಅದು ಸೀಳಿದಂತೆ ಕೇಳುತ್ತದೆ; ಮೊದಲಿಗಿಡಿ, ಬದಿಯ ಕೊನೆಗೆ ಮೆಲುದನಿಯದು ಬರಲಿ. ಟೆಸ್ಟ್ ಪ್ರೆಸಿಂಗನ್ನು (ಪರೀಕ್ಷೆಗೆಂದು ಮೊದಲು ಒತ್ತಿದ ತಟ್ಟೆಯನ್ನು) ಕನಿಷ್ಠ ಎರಡು ಬೇರೆ ಟರ್ನ್‌ಟೇಬಲ್‌ಗಳಲ್ಲಿ ಪೂರ್ತಿ ಕೇಳದೆ ಒಪ್ಪಿಗೆ ಕೊಡಬೇಡಿ.

ಪ್ರಶ್ನೆ: ಹಳೆಯ ಸಿಟಿಐ ತಟ್ಟೆಯಲ್ಲಿ 'ವ್ಯಾನ್ ಗೆಲ್ಡರ್' ಎಂದು ಒತ್ತಿದೆ. ಮೊದಲ ಮುದ್ರಣವೇ? (ಮಂಗಳೂರು)

ಉತ್ತರ: ಅದು ಅವರು ಕೊರೆದ ಪ್ರತಿಯಿಂದ ಬಂದದ್ದು ಎಂಬುದಕ್ಕಷ್ಟೇ ಗುರುತು. ಅದೇ ಅಚ್ಚಿನಿಂದ ಆಮೇಲೂ ತಟ್ಟೆ ಒತ್ತಬಹುದು. ಚೀಟಿಯ ಬಣ್ಣ, ಅದರ ಮೇಲಿನ ವಿಳಾಸ ಹೋಲಿಸಿ ನೋಡಿ.

ಪ್ರಶ್ನೆ: ಇಂಥ ಲೇಬಲ್‌ಗಳಲ್ಲಿ ನಮ್ಮವರು ಯಾರಾದರೂ? (ಹಾಸನ)

ಉತ್ತರ: ಫಂಕ್ ಅಲ್ಲ, ಜಾಝ್ ಹೌದು. ಮ್ಯೂನಿಕ್‌ನ ಸ್ವತಂತ್ರ ಲೇಬಲ್ ಇಸಿಎಂಗಾಗಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ 1983ರಲ್ಲಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದೊಂದಿಗೆ 'ಜ್ಯೋತಿ' ಧ್ವನಿಮುದ್ರಿಸಿದರು. ಟಿ.ಎ.ಎಸ್. ಮಣಿ ಅವರ ಮೃದಂಗ, ಆರ್.ಎ. ರಮಾಮಣಿ ಅವರ ಗಾಯನ. ಹೆಡ್‌ಫೋನ್ ಹಾಕಿಕೊಂಡು, ಮೃದಂಗದ ಎಡದ ಮುಖವನ್ನು ಮಾತ್ರ ಹಿಂಬಾಲಿಸಿ ಒಮ್ಮೆ ಕೇಳಿ.